ಹಿತ್ತಾಳೆಯಂತೆ ತಿಕ್ಕಿದ ಹಲ್ಲು

ಆಗ ನನಗೆ ನಲವತ್ತೈದು ವರ್ಷ. ಈಗ್ಗೆ ಇಪ್ಪತ್ತು ವರ್ಷದ ಹಿಂದಿನ ಮಾತು. ಬಾಯಲ್ಲಿ ಹಲ್ಲು ಪೂರ್ತಿ ಇದ್ದವು, ಒಂದೂ ಅಲ್ಲಾಡುತ್ತಿರಲಿಲ್ಲ. ಕರ್ರಗಿದ್ದವು, ಅಷ್ಟೆ. ಮದುವೆಯಾಗಿ ಬಂದಾಗಿನಿಂದ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕಿದ ಬಾಯಿ ಅದು. ನಮ್ಮತ್ತೆ ಹಾಕುತ್ತಿದ್ದಳು, ನನಗೂ ಕೊಟ್ಟಳು. ಹೊಲದಲ್ಲಿ ಬಗ್ಗಿದಾಗ ಹಸಿವು ಗೊತ್ತಾಗುತ್ತಿರಲಿಲ್ಲ. ಹಲ್ಲಿನ ಬುಡಕ್ಕೆಲ್ಲ ಕರೆ ಕಟ್ಟಿಕೊಂಡಿತ್ತು. ಅದರಿಂದ ನನಗೆ ಯಾವ ತೊಂದರೆಯೂ ಇರಲಿಲ್ಲ. ನನ್ನ ವಯಸ್ಸಿನ ಹೆಂಗಸರ ಬಾಯಿ ಎಲ್ಲರದೂ ಹಾಗೇ. ಕಬ್ಬು ಸಿಗಿಯುತ್ತಿದ್ದೆ, ಕೊಬ್ಬರಿ ಕಡಿಯುತ್ತಿದ್ದೆ. ಹಲ್ಲು ಇರುವುದು ಅದಕ್ಕೆ ಅಂದುಕೊಂಡಿದ್ದೆ.

ನಾನು ಹುಟ್ಟಿದ್ದು ಭೇರ್ಯದ ಹತ್ತಿರ, ಕೊಟ್ಟದ್ದು ಬೀಚನಹಳ್ಳಿಗೆ. ಗಂಡ ಹೋದಮೇಲೆ ಅಣೆಕಟ್ಟಿನ ಹಿನ್ನೀರಿನ ದಡದ ಒಂದು ರೆಸಾರ್ಟಿಗೆ ಪಾತ್ರೆ ತೊಳೆಯಲು ಸೇರಿದೆ. ಬೆಳಿಗ್ಗೆ ಅವರ ಜೀಪು ಬಂದು ನಮ್ಮನ್ನು ತುಂಬಿಕೊಂಡು ಹೋಗುತ್ತಿತ್ತು, ಸಂಜೆ ತಂದು ಬಿಡುತ್ತಿತ್ತು. ಅಡಿಗೆಮನೆಯ ಹಿಂದೆ ಸಿಮೆಂಟಿನ ತೊಟ್ಟಿ. ಅಲ್ಲಿ ನಾನು, ನನ್ನ ಜೊತೆ ಪಿರಿಯಾಪಟ್ಟಣದ ಹಾರನಹಳ್ಳಿಯಿಂದ ನಮ್ಮೂರಿಗೆ ಸೊಸೆಯಾಗಿ ಬಂದಿದ್ದ ಒಬ್ಬಳು. ಬಾಯಿ ಜೋರು, ಕೆಲಸದಲ್ಲಿ ಕಳ್ಳಿ, ಆದರೆ ಅವಳಿಲ್ಲದಿದ್ದರೆ ಹೊತ್ತು ಹೋಗುತ್ತಿರಲಿಲ್ಲ. ಊರಿನಲ್ಲಿ ಅವಳನ್ನು ಹಾರನಹಳ್ಳಿಯವಳು ಅಂತಲೇ ಕರೆಯುತ್ತಿದ್ದರು. ನಾನೂ ಹಾಗೇ ಬರೆಯುತ್ತೇನೆ.

ಇಡೀ ದಿನ ನೀರಿನಲ್ಲಿ ಕೈ. ಬೆರಳ ಸಂದಿಯೆಲ್ಲ ಬೆಳ್ಳಗೆ ಬೆಂದು ಬಿರಿಯುತ್ತಿತ್ತು. ಮುದ್ದೆ ಮುರಿದು ಸಾರಿಗೆ ಅದ್ದಿದರೆ ಖಾರ ಸಂದಿಗೆ ಇಳಿದು ಪ್ರಾಣ ಹೋಗುತ್ತಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ಮಲಗಿದರೆ ಬೆಳಿಗ್ಗೆಗೆ ಒಂದಿಷ್ಟು ಒಣಗುತ್ತಿತ್ತು, ಮತ್ತೆ ತೊಟ್ಟಿ. ನೀರು ಮುಟ್ಟದ ಯಾವ ಕೆಲಸ ಕೊಟ್ಟರೂ ಮಾಡುತ್ತೇನೆ ಅನ್ನುವಂತಾಗಿತ್ತು.

ಆ ವರ್ಷ ಹೊಸ ಮ್ಯಾನೇಜರ್ ಬಂದ. ಬೆಂಗಳೂರಿನವನು, ಕಿರುಚುತ್ತಿರಲಿಲ್ಲ, ಎಲ್ಲರನ್ನೂ ಅಮ್ಮ ಅನ್ನುತ್ತಿದ್ದ. ಹಿನ್ನೀರು ಕಾಣುವ ಕಡೆ ಹುಲ್ಲಿನ ಸೂರು ಹಾಕಿಸಿ ಮಣ್ಣಿನ ಒಲೆ ಕಟ್ಟಿಸಿದ. ಅಲ್ಲಿ ಊರಿನ ಹೆಂಗಸೊಬ್ಬಳು ಕೂತು ಅಕ್ಕಿ ರೊಟ್ಟಿ ತಟ್ಟಿ ಹೆಂಚಿಗೆ ಹಾಕಬೇಕು, ಗೆಸ್ಟ್‌ಗಳು ಸುತ್ತ ನಿಂತು ನೋಡಿಕೊಂಡು ತಿನ್ನಬೇಕು. ಅದು ಅವನ ಯೋಚನೆ. ಕೆಲಸಕ್ಕಿದ್ದ ಹೆಂಗಸರಿಗೆಲ್ಲ ಒಂದೊಂದು ರೊಟ್ಟಿ ತಟ್ಟಿಸಿದ. ಈ ಕಡೆಯವರು ರಾಗಿಯವರು, ಅಕ್ಕಿ ಹಿಟ್ಟಿನ ಹದ ಸಿಗಲಿಲ್ಲ. ನಾನು ಭತ್ತದ ಸೀಮೆಯವಳು. ಬಾಳೆ ಎಲೆಯ ಮೇಲೆ ತಟ್ಟಿ ಎತ್ತಿದರೆ ಆ ಕಡೆ ಕೂತವರ ಮುಖ ಈ ಕಡೆ ಕಾಣಬೇಕು, ಅಷ್ಟು ತೆಳ್ಳಗೆ. ಅವನು ತಿಂದು ನೋಡಿ ಇನ್ನೊಂದು ಕೇಳಿದ.

"ಅಮ್ಮ, ಫಸ್ಟ್ ಕ್ಲಾಸ್. ಇದು ನಿಮ್ಮ ಒಲೆ. ಎಲ್ಲಿ, ಒಂದ್ಸಲ ಈ ಕಡೆ ನೋಡಿ ನಗಿ" ಅಂತ ಕ್ಯಾಮೆರಾ ಹಿಡಿದ. ನಕ್ಕೆ. ಯಾಕೆ ನಗಬಾರದು? ಒಣಗಿದ ನೆಲದಲ್ಲಿ, ಬೆಂಕಿಯ ಮುಂದೆ ಕೂತಿದ್ದೆ. ಅವನು ಕ್ಯಾಮೆರಾದ ಬೆನ್ನು ನೋಡಿದ. ಏನೋ ಒತ್ತಿ ದೊಡ್ಡದು ಮಾಡಿ ಇನ್ನೊಂದು ಸಲ ನೋಡಿದ.

"ಆದ್ರೆ ಅಮ್ಮ..."

"ಏನ್ ಸಾರ್?"

"ಹಲ್ಲು."

ನಾನು ಬಾಯಿ ಮುಚ್ಚಿದೆ.

"ಬೇಜಾರು ಮಾಡ್ಕೋಬೇಡಿ. ಊಟ ಮಾಡೋ ಜಾಗ ಅಲ್ವಾ, ಗೆಸ್ಟ್‌ಗೆ ಒಂಥರಾ ಅನ್ಸುತ್ತೆ. ಕ್ಲೀನ್ ಮಾಡಿಸ್ಕೊಂಡ್ಬಿಡಿ. ಕ್ರಿಸ್‌ಮಸ್ ರಶ್ ಹೊತ್ತಿಗೆ ಬೆಳ್ಳಗಿದ್ರೆ ನೀವೇ ಕೂರ್ತೀರಿ. ಇಲ್ಲ ಅಂದ್ರೆ ಬೇರೆಯವ್ರನ್ನ ನೋಡ್ಬೇಕಾಗುತ್ತೆ."

ತೊಟ್ಟಿಗೆ ವಾಪಸು ಬಂದು ಹೇಳಿದೆ. ಹಾರನಹಳ್ಳಿಯವಳು ಕೈಯಲ್ಲಿದ್ದ ಬಾಣಲೆ ಕೆಳಗಿಟ್ಟು ನಕ್ಕಳು.

"ಅಳ್ಳಿ ಎಂಗ್ಸು ಬೇಕಂತೆ, ಅಳ್ಳಿ ಸೀರೆ ಬೇಕಂತೆ, ಅಳ್ಳಿ ಅಲ್ಲು ಮಾತ್ರ ಬ್ಯಾಡ್ವಂತೆ! ನಿನ್ ಅಲ್ಲೇ ಕಿತ್ ಕೊಡು ಸಾಮಿ, ಇಕ್ಕಂಡು ನಗ್ತೀನಿ ಅನ್ನಬಾರ್ದಾಗಿತ್ತಾ ಅಕ್ಕ?"

"ನಿಂಗೆ ಬಾಯಿ ಅದೆ. ನಂಗೆ ಆ ಒಲೆ ಬೇಕು ಕಣೆ."

ಬೇಕಿತ್ತು. ಸುಳ್ಳು ಯಾಕೆ ಹೇಳಲಿ. ಒಣ ಕೈ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ನನ್ನ ರೊಟ್ಟಿಯನ್ನು ನಾಲ್ಕು ಜನ ನಿಂತು ನೋಡುವುದು ಬೇಕಿತ್ತು. ಮನೆಯಲ್ಲಿ ಅಷ್ಟು ವರ್ಷ ತಟ್ಟಿದ್ದನ್ನು ಯಾರೂ ನಿಂತು ನೋಡಿರಲಿಲ್ಲ, ತಿಂದು ಎದ್ದು ಹೋಗುತ್ತಿದ್ದರು.

ರಿಸೆಪ್ಷನ್‌ನಲ್ಲಿ ಮೈಸೂರಿನ ಹುಡುಗಿ ಒಬ್ಬಳಿದ್ದಳು. ಅವಳ ಹಲ್ಲು ಮಲ್ಲಿಗೆ ಮೊಗ್ಗು. ಕಾಫಿ ಲೋಟ ತೆಗೆಯಲು ಹೋದಾಗ ಕೇಳಿದೆ. ಅವಳು ಒಳ್ಳೆಯವಳು, ಮುಚ್ಚುಮರೆ ಮಾಡಲಿಲ್ಲ.

"ನಂದೂ ಮಾಡ್ಸಿದ್ದೇ ಅಮ್ಮ, ಎಂಗೇಜ್‌ಮೆಂಟ್ ಮುಂಚೆ. ಮೈಸೂರಲ್ಲಿ ಕ್ಲಿನಿಕ್ಕಲ್ಲಿ. ಹಲ್ಲಿನ ಮೇಲೆ ಅದೇನೋ ಅಂಟಂಟು ಔಷಧಿ ಹಚ್ಚಿ ಕೂರಿಸ್ತಾರೆ."

"ನೋಯ್ತದಾ ತಾಯಿ?"

"ನೋವಲ್ಲ, ಜುಮ್ ಅನ್ನುತ್ತೆ. ಎರಡ್ಮೂರು ದಿನ ನೀರು ಕುಡಿಯೋಕೂ ಆಗ್ಲಿಲ್ಲ. ಆಮೇಲೆ ತಾನಾಗೇ ಸರಿಹೋಯ್ತು. ಡಾಕ್ಟರ್ ಮೊದ್ಲೇ ಹೇಳಿದ್ರು, ಜುಮ್ ಅಂದ್ರೆ ಹೆದ್ರಬೇಡಿ, ವಾಸಿ ಆಗುತ್ತೆ ಅಂತ."

ಈ ಮಾತು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಜುಮ್ ಅನ್ನಬೇಕು, ಆಮೇಲೆ ವಾಸಿಯಾಗಬೇಕು. ಅದೇ ದಾರಿ.

ಮೈಸೂರಿನ ಕ್ಲಿನಿಕ್ಕು ನನ್ನಂಥವಳಿಗೆ ಆಗುವ ಮಾತಲ್ಲ. ಆದರೆ ಬೆಳಗುವುದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರೆಸಾರ್ಟಿನ ಬಾಗಿಲಲ್ಲಿ ಹೂವು ತುಂಬಿಸಿಡುವ ದೊಡ್ಡ ಹಿತ್ತಾಳೆ ಹಂಡೆಗಳಿದ್ದವು. ಅವನ್ನು ನಾನೇ ಬೆಳಗುತ್ತಿದ್ದುದು. ಬೇರೆಯವರು ಬೆಳಗಿದರೆ ಅಲ್ಲಲ್ಲಿ ಕಿಲುಬು ಉಳಿಯುತ್ತಿತ್ತು. ನನ್ನ ಕ್ರಮ ಬೇರೆ. ಮೊದಲು ಹುಣಸೆಹಣ್ಣು ಕಿವುಚಿ ಹಂಡೆಗೆಲ್ಲ ಬಳಿದು ಬಿಡಬೇಕು. ಅವಸರ ಮಾಡಬಾರದು. ಹುಳಿ ಕುಡಿದು ಕಿಲುಬು ಸಡಿಲವಾಗುತ್ತದೆ. ಆಗ ಜರಡಿ ಹಿಡಿದ ಇಟ್ಟಿಗೆ ಪುಡಿ ಹಾಕಿ ತೆಂಗಿನ ನಾರಿನಿಂದ ತಿಕ್ಕಬೇಕು. ತೊಳೆದರೆ ಚಿನ್ನ.

ಹಾಗೇ ಮಾಡಿದೆ. ಬೆಳಿಗ್ಗೆ ಎದ್ದು ಹಲ್ಲಿಗೆ ಹುಣಸೆಹಣ್ಣು ಬಳಿದುಕೊಂಡು, ತುಟಿ ಮುಚ್ಚಿ, ಒಲೆ ಹಚ್ಚಿ ನೀರು ಕಾಯುವ ತನಕ ಹಾಗೇ ಇರುತ್ತಿದ್ದೆ. ಬಾಯಿ ತುಂಬ ನೀರೂರುತ್ತಿತ್ತು. ಉಗಿದು, ಸೀರೆಯ ಬಟ್ಟೆಯಲ್ಲಿ ಜರಡಿ ಹಿಡಿದ ಇಟ್ಟಿಗೆ ಪುಡಿಯಿಂದ ಬೆರಳಲ್ಲಿ ತಿಕ್ಕುತ್ತಿದ್ದೆ. ಬೆರಳಿಗೆ ಬಗ್ಗದ ಕಡೆ ನಾರು. ಒಸಡಿನಲ್ಲಿ ರಕ್ತ ಬಂತು. ಬರಲಿ ಅಂದೆ. ಎಲೆ ಅಡಿಕೆ ಬಿಟ್ಟೆ. ಅದನ್ನು ಬಿಟ್ಟದ್ದು ತಿಕ್ಕಿದ್ದಕ್ಕಿಂತ ಕಷ್ಟವಾಯಿತು. ಬಾಯಿ ಖಾಲಿ ಖಾಲಿ, ಸಿಟ್ಟು ಸಿಟ್ಟು.

ಕೆಲವೇ ದಿನದಲ್ಲಿ ಕರೆ ಬಿಟ್ಟುಕೊಂಡಿತು. ಕಪ್ಪು ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಕೆಳಗೆ ಬಿಳಿ. ಮದುವೆಗೆ ಮುಂಚೆ ಇದ್ದ ಹಲ್ಲು ಹಾಗೇ ಒಳಗೆ ಕೂತಿತ್ತೇನೋ ಅನ್ನುವಂತೆ. ಹಾರನಹಳ್ಳಿಯವಳು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

"ಅಯ್ಯೋ ನಿನ್ ಮನೆ ಕಾಯೋಗ! ಅಂಡೆ ಬೆಳ್ಗಿದಂಗೆ ಬೆಳ್ಗಿದ್ದೀಯಲ್ಲಕ್ಕ! ಇನ್ನೊಂದ್ ಮದ್ವೆ ಮಾಡ್ಬೋದು ನಿಂಗೆ."

"ಮಾಡು ಮಾಡು. ಅವನ್ಗೂ ಪಾತ್ರೆ ತೊಳಿ ಅಂತೀನಿ."

ನೀರು ಕುಡಿದರೆ ಜುಮ್ ಅನ್ನುತ್ತಿತ್ತು. ನನಗೆ ಖುಷಿಯಾಯಿತು. ಮೈಸೂರಿನ ಕ್ಲಿನಿಕ್ಕಿನಲ್ಲಿ ಆದದ್ದೇ ನನಗೂ ಆಗುತ್ತಿದೆ ಅಂದುಕೊಂಡೆ. ಆ ಹುಡುಗಿಗೆ ಹೋದಂತೆ ನನಗೂ ಎರಡು ಮೂರು ದಿನದಲ್ಲಿ ಹೋಗುತ್ತದೆ. ಹೋಗಲಿಲ್ಲ. ಅವಳು ಒಂದು ಸಲ ಮಾಡಿಸಿ ಬಿಟ್ಟಿದ್ದಳು, ನಾನು ದಿನಾ ಮಾಡುತ್ತಿದ್ದೆ, ಅದಕ್ಕೆ ನಿಧಾನ ಅಂತ ನನಗೆ ನಾನೇ ಹೇಳಿಕೊಂಡೆ.

ಕ್ರಿಸ್‌ಮಸ್ ಹೊತ್ತಿಗೆ ಒಲೆಯ ಮುಂದೆ ಕೂತೆ. ಹೊಸ ಇಳಕಲ್ ಸೀರೆ ಅವರೇ ಕೊಟ್ಟರು. ನಮ್ಮ ಸೀಮೆಯಲ್ಲಿ ಯಾರೂ ಉಡದ ಸೀರೆ. ಹೂವು ಮುಡಿಯಿರಿ ಅಂದರು. ಗಂಡ ಇಲ್ಲದವಳು ಅಂದೆ. ಫೋಟೋಗೆ ತಾನೇ ಅಂದರು. ಮುಡಿದೆ. ಮ್ಯಾನೇಜರ್ ಫೋಟೋ ತೆಗೆದ. ಅದನ್ನು ನಮ್ಮ ತಾಲ್ಲೂಕಿನ ಊರು ಕೋಟೆಯಿಂದ ಬರುವ ರಸ್ತೆಯ ತಿರುವಿನಲ್ಲಿ ಬೋರ್ಡಿಗೆ ಹಾಕಿಸಿದರು. ಎತ್ತಿನ ಗಾತ್ರದ ಮುಖ, ಒಂದೊಂದು ಹಲ್ಲೂ ಅಂಗೈಯಷ್ಟು. ಊರಿನವರು ಬಸ್ಸಿನಲ್ಲಿ ಹೋಗುವಾಗ ನೋಡಿ ನಕ್ಕರು. ನಾನೂ ಒಂದು ಸಲ ಇಳಿದು ನಿಂತು ನೋಡಿದೆ. ಚೆನ್ನಾಗಿತ್ತು. ಈಗ ಏನು ಹೇಳಿದರೂ, ಅವತ್ತು ಚೆನ್ನಾಗಿತ್ತು.

ಆ ಚೆಂದ ಬಹಳ ದಿನ ಉಳಿಯಲಿಲ್ಲ. ಡಿಸೆಂಬರ್ ಕಳೆದ ಮೇಲೆ ಹಿನ್ನೀರಿನ ಕಡೆಯಿಂದ ಬೆಳಗಿನ ಗಾಳಿ ಶುರುವಾಯಿತು. ನಾನು ಕೂತದ್ದು ಅದಕ್ಕೆ ಎದುರಾಗಿ, ಯಾಕೆಂದರೆ ನೀರಿನ ಹೊಳಪು ನನ್ನ ಬೆನ್ನಿಗೆ ಬಂದರೆ ಮುಖ ಕಪ್ಪಾಗಿ ಬೀಳುತ್ತದಂತೆ, ಅವರ ಫೋಟೋದಲ್ಲಿ ನನ್ನ ಮೇಲೆ ಬೆಳಕು ಬೀಳಬೇಕು. ಬಾಯಿ ತೆರೆದರೆ ಗಾಳಿ ನೇರ ಹಲ್ಲಿಗೆ. ಜುಮ್ ಅನ್ನುವುದು ಹೋಗಿ ಚುಳ್ಳ್ ಅನ್ನತೊಡಗಿತು. ಬಿಸಿ ಕಾಫಿ ಕುಡಿದರೆ ಕಿವಿಯ ತನಕ ಏರುತ್ತಿತ್ತು. ಸಂಕ್ರಾಂತಿಯಲ್ಲಿ ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು ಗೋಡೆ ಹಿಡಿದು ನಿಂತೆ. ಕಬ್ಬಿನ ಜಲ್ಲೆ ಪಕ್ಕದ ಮನೆಯವರಿಗೆ ಕೊಟ್ಟೆ. ಅದೇ ಮೊದಲು, ಕಬ್ಬು ತಿನ್ನದ ಸಂಕ್ರಾಂತಿ.

ಒಲೆಯ ಮುಂದೆ ನಗಬೇಕಿತ್ತು. ತುಟಿ ಮುಚ್ಚಿಕೊಂಡು ತಟ್ಟುತ್ತಿದ್ದರೆ ಮ್ಯಾನೇಜರ್ ಗೆಸ್ಟ್‌ಗಳ ಬೆನ್ನ ಹಿಂದೆ ನಿಂತು ಎರಡು ಬೆರಳಿನಿಂದ ತನ್ನ ಬಾಯಿಯ ಮೂಲೆ ಎಳೆದು ತೋರಿಸುತ್ತಿದ್ದ. ನಗು ಅಂತ. ನಾನು ತುಟಿ ಬಿಚ್ಚುತ್ತಿದ್ದೆ. ಗಾಳಿ ಹೊಡೆದರೆ ಕಣ್ಣಲ್ಲಿ ನೀರು. ಒಲೆಯ ಹೊಗೆ ಅಂತ ಗೆಸ್ಟ್‌ಗಳು ಅಂದುಕೊಂಡರು. ಒಬ್ಬ ಹೆಂಗಸು ಪಕ್ಕ ಕೂತು ನನ್ನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡು, ಎಷ್ಟು ಮುಗ್ಧ ನಗು ನೋಡ್ರಿ ಅಂದಳು. ಅವಳಿಗೆ ನನ್ನ ಹಲ್ಲಿನ ನೋವನ್ನು ಒಂದು ಗಳಿಗೆ ಎರವಲು ಕೊಡಬೇಕು ಅನ್ನಿಸಿತು.

ಇನ್ನೊಂದು ಆಯಿತು. ಬಿಳಿ ಹೋಗುತ್ತಾ ಬಂತು. ಕಪ್ಪಾಗಲಿಲ್ಲ. ಹಳದಿಯಾಯಿತು, ಹಳೆ ಎಲುಬಿನ ಬಣ್ಣ. ಕಾಫಿ ಕುಡಿದರೂ ಕಲೆ ಕೂರುತ್ತಿತ್ತು, ಮೊದಲು ಹಾಗಿರಲಿಲ್ಲ. ನಾಲಿಗೆ ಆಡಿಸಿದರೆ ಮೊದಲಿನ ನುಣುಪಿಲ್ಲ, ಬೀಸುಕಲ್ಲಿನ ಮೈ.

ಮ್ಯಾನೇಜರ್ ಗಮನಿಸಿದ. "ಅಮ್ಮ, ಮತ್ತೆ ಡಲ್ ಆಗ್ತಿದೆ. ಮೊದ್ಲು ಏನು ಮಾಡಿದ್ರೋ ಅದನ್ನೇ ಇನ್ನೊಂದ್ಸಲ ಮಾಡಿ."

ಮಾಡಿದೆ. ಹುಣಸೆಹಣ್ಣು ಇನ್ನೂ ಹೆಚ್ಚು ಹೊತ್ತು ಇಟ್ಟೆ, ಇನ್ನೂ ಜೋರಾಗಿ ತಿಕ್ಕಿದೆ. ಹಂಡೆಯಾಗಿದ್ದರೆ ಫಳ ಫಳ ಅನ್ನಬೇಕಿತ್ತು. ತಿಕ್ಕಿದಷ್ಟೂ ಹಳದಿ. ನನಗೆ ಅರ್ಥವೇ ಆಗಲಿಲ್ಲ. ಒಂದು ದಿನ ಬಾಯಿಗೆ ತಣ್ಣೀರು ಹಾಕಿಕೊಂಡವಳು ಕಿರುಚಿ ಚೊಂಬು ಬಿಟ್ಟೆ. ರಜೆ ಹಾಕಿ ಕೋಟೆಗೆ ಹೋದೆ.

ಬಸ್ ಸ್ಟ್ಯಾಂಡ್ ಹತ್ತಿರ ಹಲ್ಲಿನ ಡಾಕ್ಟರಮ್ಮ ಒಬ್ಬಳಿದ್ದಳು. ಬಾಯಿಯೊಳಗೆ ಪುಟ್ಟ ಕನ್ನಡಿ ಇಟ್ಟು ಗಾಳಿ ಊದಿದಳು. ನಾನು ಕುರ್ಚಿಯಿಂದ ಎದ್ದುಬಿಟ್ಟೆ.

"ಏನು ಹಾಕಿ ಉಜ್ಜಿದ್ರಿ?"

"ಹುಣಸೇಹಣ್ಣು. ಆಮ್ಯಾಕೆ ಇಟ್ಟಿಗೆ ಪುಡಿ."

ಅವಳು ಕನ್ನಡಿ ಕೆಳಗಿಟ್ಟಳು. "ಅದು ಪಾತ್ರೆಗೆ ಹಾಕೋದಲ್ವಾ?"

"ಪಾತ್ರೆ ಬೆಳ್ಳಗಾಯ್ತದೆ, ಅಲ್ಲು ಯಾಕಾಗಕಿಲ್ಲ?"

ನನ್ನ ಧ್ವನಿ ಜೋರಾಗಿತ್ತೇನೋ, ಅವಳು ನಗಲಿಲ್ಲ. ಬಿಡಿಸಿ ಹೇಳಿದಳು.

"ಹಿತ್ತಾಳೆ ಎಷ್ಟು ತಿಕ್ಕಿದ್ರೂ ಒಳಗೂ ಹಿತ್ತಾಳೆನೇ ಅಮ್ಮ. ಹಲ್ಲು ಹಾಗಲ್ಲ. ಮೇಲೆ ಗಟ್ಟಿಯಾದ ಒಂದು ಪದರ ಇರುತ್ತೆ, ಎನಾಮೆಲ್ ಅಂತೀವಿ. ಬಿಳುಪು ಕಾಣೋದು ಅದು ಇದ್ರೇನೇ. ಅದರ ಕೆಳಗಿರೋದು ಹಳದಿ. ಹುಳಿ ತಾಕಿದ್ರೆ ಆ ಪದರ ಮೆತ್ತಗಾಗುತ್ತೆ. ಸುಮ್ನೆ ಬಿಟ್ರೆ ನಿಮ್ಮ ಜೊಲ್ಲೇ ಅದನ್ನ ನಿಧಾನಕ್ಕೆ ಮತ್ತೆ ಗಟ್ಟಿ ಮಾಡುತ್ತೆ. ನೀವು ಮೆತ್ತಗಾದಾಗ್ಲೇ ಇಟ್ಟಿಗೆ ಪುಡಿ ಹಾಕಿದ್ದೀರಿ. ಕರೆ ಜೊತೆ ಅದೂ ಹೋಗಿದೆ. ಈಗ ಕಾಣ್ತಿರೋದು ಒಳಗಿನ ಹಳದಿ. ತಿಕ್ಕಿದಷ್ಟೂ ಅದೇ ಕಾಣುತ್ತೆ."

"ನಮ್ ರಿಸೆಪ್ಷನ್ ಉಡುಗೀಗೂ ಜುಮ್ ಅಂತಿತ್ತಂತೆ. ಎರಡ್ಮೂರ್ ದಿನಕ್ಕೇ ವಾಸಿ ಆಯ್ತಂತೆ."

"ಅವರಿಗೆ ಹಚ್ಚಿದ್ದು ಔಷಧಿ. ಅದು ಒಳಗಿಳಿದು ಬಣ್ಣ ತೆಗೆಯುತ್ತೆ. ಸರಿಯಾಗಿ ಹಚ್ಚಿದ್ರೆ ಮೇಲಿನ ಪದರ ಅಲ್ಲೇ ಇರುತ್ತೆ, ಸ್ವಲ್ಪ ದಿನ ಜುಮ್ ಅಂದು ನಿಲ್ಲುತ್ತೆ. ಅದನ್ನೂ ಪದೇ ಪದೇ ಮಾಡ್ಸಿದ್ರೆ ಕೆಡುತ್ತೆ. ನಿಮ್ಮದು ಬಣ್ಣ ಹೋಗಿದ್ದಲ್ಲ. ಪದರಾನೇ ಸವೆದಿದ್ದು."

"ಮತ್ತೆ ಯಾವಾಗ ಬತ್ತದೆ ಅದು?"

"ಬರಲ್ಲ."

ಇಷ್ಟು ಕೆಲಸ ಮಾಡಿದ ಕೈ ನನ್ನದು, ಎಷ್ಟು ಸಲ ಬಿರಿದು ಎಷ್ಟು ಸಲ ಕೂಡಿದೆ. ನಂಬಲು ಆಗಲಿಲ್ಲ. "ಉಗುರು ಬೆಳೀತದೆ, ಚರ್ಮ ಬೆಳೀತದೆ. ಇದ್ಯಾಕ್ ಬೆಳಿಯಕಿಲ್ಲ?" ಅಂದೆ.

"ಉಗುರಿನ ಬುಡದಲ್ಲಿ ಜೀವ ಇದೆ, ಅದಕ್ಕೆ ಬೆಳೆಯುತ್ತೆ. ಈ ಪದರ ಚಿಕ್ಕಂದಿನಲ್ಲಿ ಒಂದೇ ಸಲ ಆಗೋದು. ಹೋಗಿದ್ದು ಹೋಯ್ತು. ಉಳಿದಿರೋದನ್ನ ಗಟ್ಟಿ ಮಾಡ್ಕೋಬಹುದು, ಅಷ್ಟೆ."

"ಕಲಾಯಿ ಹಾಕ್ದಂಗೆ ಏನಾರ ಹಾಕಕ್ಕಾಗಕಿಲ್ವಾ ತಾಯಿ?"

"ಹಾಕಬಹುದು. ಹಲ್ಲಿಗೊಂದು ಟೋಪಿ ತರಹ. ಇಷ್ಟು ಹಲ್ಲಿಗೂ ಹಾಕಿಸೋದು ನಿಮ್ಮ ಕೈಲಿ ಆಗೋದಲ್ಲಮ್ಮ."

ಅದು ನಿಜ. ಹಲ್ಲಿಗೆ ಏನೋ ಬಳಿದು, ಒಂದು ಪೇಸ್ಟು ಬರೆದುಕೊಟ್ಟಳು. ಮೆತ್ತನೆಯ ಬ್ರಷ್, ಮೆಲ್ಲಗೆ. ಹುಳಿ ತಿಂದರೆ ನೀರಿನಲ್ಲಿ ಮುಕ್ಕಳಿಸಿ ಬಿಟ್ಟುಬಿಡಬೇಕು, ತಕ್ಷಣ ಉಜ್ಜಬಾರದು. ಪೇಸ್ಟು ಹಾಕಿ ಉಗಿದ ಮೇಲೆ ಗಳ ಗಳ ನೀರು ಹಾಕಿ ತೊಳೆಯಬಾರದು. ಇದೆಲ್ಲ ಮಾಡಿದೆ. ಜುಮ್ ಅನ್ನುವುದು ಒಂದೇ ಸಲಕ್ಕೆ ಹೋಗಲಿಲ್ಲ. ಮುಂದಿನ ಮಳೆಗಾಲ ಕಳೆಯುವ ಹೊತ್ತಿಗೆ ಉಗುರು ಬೆಚ್ಚಗಿನ ನೀರು ಕುಡಿಯುವಷ್ಟಾಯಿತು. ಅದರ ಮುಂದಿನ ವರ್ಷ ಕಾಫಿ. ತಣ್ಣೀರು ಇವತ್ತಿಗೂ ಒಂದು ಕಡೆಯಿಂದಲೇ ಕುಡಿಯುತ್ತೇನೆ. ಡಾಕ್ಟರಮ್ಮ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಉಳಿದದ್ದು ಉಳಿಯಿತು, ಹೋದದ್ದು ಬರಲಿಲ್ಲ.

ಡಾಕ್ಟರಮ್ಮನನ್ನು ಕಂಡು ಬಂದ ಮರುದಿನವೇ ರೆಸಾರ್ಟಿಗೆ ಹೋಗಿ ಮ್ಯಾನೇಜರ್‌ಗೆ ನೇರ ಹೇಳಿದ್ದೆ. "ಇನ್ ಉಜ್ಜಕ್ಕಾಗಕಿಲ್ಲ ಸಾರ್. ನಗಕ್ಕೂ ಆಗಕಿಲ್ಲ, ಗಾಳಿ ಒಡೀತದೆ. ಬಾಯ್ ಮುಚ್ಕೊಂಡು ರೊಟ್ಟಿ ತಟ್ತೀನಿ."

ಅವನು ಗದರಲಿಲ್ಲ. ನಿಜವಾಗಿ ಬೇಜಾರು ಮಾಡಿಕೊಂಡವನ ಹಾಗೆ ತಲೆ ಆಡಿಸಿದ. "ಮುಖ ಗಂಟು ಹಾಕ್ಕೊಂಡು ಕೂತ್ರೆ ಗೆಸ್ಟ್‌ಗೆ ಏನನ್ಸುತ್ತೆ ಹೇಳಿ? ಬಲವಂತವಾಗಿ ಕೂರಿಸಿದ್ದೀವಿ ಅಂದ್ಕೋತಾರೆ."

ಮರುದಿನ ಒಲೆಯ ಮುಂದೆ ಬೇರೆಯವಳು ಕೂತಿದ್ದಳು. ಹಾರನಹಳ್ಳಿಯವಳ ಸೊಸೆ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಒಳ್ಳೆ ಹಲ್ಲು, ಒಳ್ಳೆ ನಗು, ರೊಟ್ಟಿ ಮಾತ್ರ ಬಾರದು. ಎಲೆಯ ಮೇಲೆ ತಟ್ಟಿದರೆ ನಡುವೆ ದಪ್ಪ, ಅಂಚು ಹರಕು. ಅದಕ್ಕೂ ಮ್ಯಾನೇಜರ್ ದಾರಿ ಕಂಡುಕೊಂಡಿದ್ದ. ಒಲೆಯ ಹಿಂದೆ ಬಿದಿರಿನ ತಟ್ಟಿ ಕಟ್ಟಿಸಿದ್ದ. ಅದರ ಹಿಂದೆ ನಾನು ಕೂತು ತಟ್ಟಬೇಕು. ಎಲೆ ಸಮೇತ ಸಂದಿಯಿಂದ ಆ ಕಡೆ ಕೊಡಬೇಕು. ಅವಳು ಹೆಂಚಿಗೆ ಹಾಕಿ, ಮಗುಚಿ, ನಗುತ್ತಾಳೆ.

"ಕೈ ನಿಮ್ದೇ ಇರ್ಲಿ ಅಮ್ಮ. ನಿಮ್ಮ ರುಚಿ ಬಿಡೋಕಾಗಲ್ಲ. ಕೂರೋದು ಮಾತ್ರ ಅವ್ಳು ಕೂರ್ತಾಳೆ" ಅಂದ. ಇದು ನನಗೆ ಮಾಡಿದ ಉಪಕಾರ ಅಂತ ಅವನು ನಂಬಿದ್ದ.

ಒಂದಷ್ಟು ದಿನ ಮಾಡಿದೆ. ಬಿದಿರಿನ ಸಂದಿಯಿಂದ ಗೆಸ್ಟ್‌ಗಳ ಕಾಲು ಕಾಣುತ್ತಿತ್ತು. ಎಷ್ಟು ತೆಳ್ಳಗೆ ತಟ್ಟಿದ್ದಾಳೆ ಅಂತ ಹೊಗಳುವುದು ಕೇಳುತ್ತಿತ್ತು. ಸೊಸೆ ಹಿಂದಕ್ಕೆ ಕೈ ಚಾಚಿ, "ದೊಡ್ಡತ್ತೆ, ಬಿರ್ನೆ" ಅನ್ನುತ್ತಿದ್ದಳು. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ಇದ್ದದ್ದು ಹಾರನಹಳ್ಳಿಯವಳ ಮೇಲೆ. ತೊಟ್ಟಿಯಲ್ಲಿ ನನ್ನ ಜೊತೆ ಕೂತು ನಕ್ಕವಳು ಒಂದು ಮಾತು ಹೇಳದೆ ಸೊಸೆಯನ್ನು ತಂದು ಕೂರಿಸಿದ್ದಳು.

ಒಂದು ಸಂಜೆ ಜೀಪು ಇಳಿದ ಮೇಲೆ ಅತ್ತೆ ಸೊಸೆ ಇಬ್ಬರೂ ನನ್ನ ಮನೆಯ ಜಗಲಿಗೆ ಬಂದರು. ಹಾರನಹಳ್ಳಿಯವಳ ಕೈಯಲ್ಲಿ ಹುಣಸೆಹಣ್ಣಿನ ಉಂಡೆ.

"ಅಕ್ಕ, ಇವ್ಳ ಅಲ್ಲು ಪೋಟೋದಲ್ಲಿ ಇನ್ನೊಸಿ ಬೆಳ್ಳುಗ್ ಬೀಳ್ಬೇಕಂತೆ. ರೋಡಲ್ಲಿರೋ ನಿನ್ ಬೋರ್ಡ್ ತೆಗ್ದು ಇವ್ಳುದ್ ಹಾಕ್ತಾರಂತೆ. ನೀನ್ ಮಾಡ್ದಂಗೇ ಮಾಡ್ಕೊಡು."

"ನನ್ ಬಾಯ್ ನೋಡುದ್ ಮ್ಯಾಕೂ ಕೇಳ್ತಿದ್ದೀಯಲ್ಲೆ?"

"ನೀನ್ ಅತೀ ಮಾಡ್ದೆ. ಒಸಿ ಕಮ್ಮಿ ಉಜ್ಜುದ್ರಾಯ್ತು."

"ಕಮ್ಮೀನೂ ಇಲ್ಲ, ಜಾಸ್ತೀನೂ ಇಲ್ಲ. ಇವ್ಳ ಅಲ್ಲು ಚೆಂದಾಗದೆ. ಮುಟ್ಬ್ಯಾಡ. ಓದ್ರೆ ಬರಕಿಲ್ವಂತೆ ಕಣೆ, ಡಾಕ್ಟರಮ್ಮ ಯೋಳವ್ರೆ."

ಅವಳು ನನ್ನ ಮುಖವನ್ನೇ ನೋಡಿದಳು. "ಒಲೆ ಓಯ್ತಲ್ಲ, ಒಟ್ಟೆ ಉರೀತದೆ ನಿಂಗೆ. ಇವ್ಳು ಬೋರ್ಡಿಗ್ ಬರಬಾರ್ದು ಅಂತ ಯೋಳ್ತಿದ್ದೀಯ."

ಹೊಟ್ಟೆ ಉರಿಯುತ್ತಿದ್ದದ್ದು ಸುಳ್ಳಲ್ಲವಲ್ಲ. ಒಳಗೆ ಹೋಗಿ ಗಡಿಗೆಯಿಂದ ಒಂದು ಲೋಟ ತಣ್ಣೀರು ತಂದೆ. ಸೊಸೆಯ ಎದುರು ಕುಕ್ಕರಗಾಲಲ್ಲಿ ಕೂತು, ಪೂರ್ತಿ ಬಾಯಿಗೆ ತುಂಬಿಕೊಂಡು ಹಿಡಿದೆ. ತಲೆಯೊಳಗೆ ಸೂಜಿ ಆಡಿತು. ಕಣ್ಣು, ಮೂಗು ಎಲ್ಲ ಸುರಿಯಿತು. ನುಂಗಿದ ಮೇಲೆ ಬಾಯಿ ತೆರೆದು ಹುಡುಗಿಗೆ ತೋರಿಸಿದೆ. ಮುಂದಿನ ಹಲ್ಲು ಹಳದಿ, ಅಂಚಿನಲ್ಲಿ ಗಾಜಿನ ಹಾಗೆ ತೆಳ್ಳಗೆ.

"ಇದು ತಣ್ಣೀರ್ಗೆ ಆಗೋದು. ಗಾಳೀಲಿ ನಕ್ರೂ ದಿನಾ ಇಂಗೇ. ಬೇಕಾದ್ರೆ ಉಜ್ಕೊ."

ಹುಡುಗಿ ಅತ್ತೆಯ ಕೈಯಿಂದ ಹುಣಸೆಹಣ್ಣಿನ ಉಂಡೆ ತೆಗೆದುಕೊಂಡು ಸೆರಗಿಗೆ ಕಟ್ಟಿದಳು. "ಸಾರಿಗೆ ಬತ್ತದೆ ಬುಡಿ ಅತ್ತೆ" ಅಂದಳು. ಹಾರನಹಳ್ಳಿಯವಳು ಗೊಣಗಿಕೊಂಡೇ ಎದ್ದಳು. ಅಂಗಳ ದಾಟುವಾಗ ತಿರುಗಿ, "ನಾಳೀಕೆ ಒಸಿ ಬಿರ್ನೆ ಬಾ, ಗೆಸ್ಟ್ ಜಾಸ್ತಿ ಅವ್ರೆ. ರೊಟ್ಟಿ ತಡ ಆದ್ರೆ ಇವ್ಳನ್ನ ಬೈತಾರೆ" ಅಂದಳು.

ನಾಳೆಯೂ ರೊಟ್ಟಿ ತಟ್ಟುವವಳು ನಾನೇ ಅನ್ನುವುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಮ್ಯಾನೇಜರ್‌ಗೂ ಇರಲಿಲ್ಲ. ನಾನು ಜಗಲಿಯ ಮೇಲೆ ಕೂತು ದವಡೆ ಒತ್ತಿಕೊಂಡೆ. ಬೋರ್ಡಿಗೆ ಹಲ್ಲು ಕೊಟ್ಟಾಗಿತ್ತು, ಆ ಬೋರ್ಡೂ ಇನ್ನು ಇಳಿಯುತ್ತದೆ. ಇನ್ನು ತಟ್ಟಿಯ ಹಿಂದೆ ಕೈಯನ್ನೂ ಕೊಡುತ್ತಾ ಕೂರಬೇಕೆ ಅಂತ ಕೇಳಿಕೊಂಡೆ. ಉತ್ತರಕ್ಕೆ ಬಹಳ ಹೊತ್ತು ಹಿಡಿಯಲಿಲ್ಲ.

ಮರುದಿನ ಬೆಳಿಗ್ಗೆ ರೆಸಾರ್ಟಿನ ಜೀಪಿಗಿಂತ ಮುಂಚೆ, ಕೇರಳದವರು ಗುತ್ತಿಗೆ ಹಿಡಿದಿದ್ದ ಶುಂಠಿ ಹೊಲಕ್ಕೆ ಕೂಲಿಯವರನ್ನು ತುಂಬಿಕೊಳ್ಳುವ ಜೀಪು ಬಂತು. ಸೆರಗನ್ನು ಬಾಯಿಗೆ ಅಡ್ಡ ಕಟ್ಟಿಕೊಂಡು ಅದಕ್ಕೆ ಹತ್ತಿದೆ.